ಮಾತಿಗೆ ಇಸ್ತ್ರಿ ಹಾಕುವ ಕೆಲಸ

ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು ವಿಧಾನಸಭೆಯಲ್ಲಿದ್ದೇನೆ ಅನ್ನುತ್ತೇನೆ. ಕೇಳಿದವರು ಒಂದು ಗಳಿಗೆ ನೆಟ್ಟಗೆ ನಿಲ್ಲುತ್ತಾರೆ. ಆಮೇಲೆ ನನ್ನ ಅಂಗಿಯ ಕಾಲರನ್ನೂ ಕೈಯಲ್ಲಿರುವ ಊಟದ ಡಬ್ಬಿಯನ್ನೂ ನೋಡಿ ಮತ್ತೆ ಮೊದಲಿನಂತೆ ಸಡಿಲವಾಗುತ್ತಾರೆ. ನಾನಲ್ಲಿ ಶಾಸಕನಲ್ಲ, ಶಾಸಕರು ಆಡಿದ್ದನ್ನೆಲ್ಲ ಬರೆದುಕೊಳ್ಳುವ ವರದಿಗಾರ. ಸಭಾಧ್ಯಕ್ಷರ ಪೀಠದ ಕೆಳಗೆ ನಮಗೊಂದು ಮೇಜಿದೆ. ಟೀವಿಯಲ್ಲಿ ಸದನದ ಗದ್ದಲ ತೋರಿಸುವಾಗ, ಕೈಯೆತ್ತಿ ಕೂಗುವವರ ಸೊಂಟದ ಹಿಂದೆ ಬಗ್ಗಿದ ಒಂದು ಬೋಳು ತಲೆ ಕಾಣುತ್ತದಲ್ಲ, ಅದು ನಾನು. ನಮ್ಮ ಅತ್ತೆ ಆ ತಲೆಯನ್ನು ನೆಂಟರಿಷ್ಟರಿಗೆಲ್ಲ ಬೆರಳಿಟ್ಟು ತೋರಿಸಿದ್ದಾರೆ.

ಒಬ್ಬೊಬ್ಬ ವರದಿಗಾರನಿಗೆ ಹತ್ತು ನಿಮಿಷದ ಸರದಿ. ಶೀಘ್ರಲಿಪಿಯಲ್ಲಿ ಗೀಚಿಕೊಂಡು, ಮುಂದಿನವನು ಬಂದು ಪಕ್ಕದಲ್ಲಿ ಕೂತ ಕೂಡಲೇ ಎದ್ದು, ಒಳಗಿನ ಕೋಣೆಗೆ ಹೋಗಿ ಅದನ್ನು ಟೈಪ್ ಮಾಡಬೇಕು. ಮುಗಿಸುವಷ್ಟರಲ್ಲಿ ಮತ್ತೆ ನಮ್ಮ ಸರದಿ. ಹೀಗಾಗಿ ಇಷ್ಟು ವರ್ಷದಲ್ಲಿ ನಾನು ಯಾವ ಚರ್ಚೆಯನ್ನೂ ಪೂರ್ತಿಯಾಗಿ ಕೇಳಿಲ್ಲ. ಪ್ರಶ್ನೆ ನನ್ನ ಹತ್ತು ನಿಮಿಷದಲ್ಲಿ ಬಂದರೆ ಉತ್ತರ ಇನ್ಯಾರದೋ ಹತ್ತು ನಿಮಿಷದಲ್ಲಿರುತ್ತದೆ. ಈ ರಾಜ್ಯದ ಬಹಳಷ್ಟು ಸಮಸ್ಯೆಗಳು ನನಗೆ ಗೊತ್ತು, ಪರಿಹಾರ ಏನಾಯಿತೆಂದು ಕೇಳಬೇಡಿ.

ಟೈಪ್ ಮಾಡುವಾಗ ನಾವು ಮಾತಿಗೆ ಸ್ವಲ್ಪ ಇಸ್ತ್ರಿ ಹಾಕುತ್ತೇವೆ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಹಿರಿಯರು ಕಿರಿಯರಿಗೆ ಕಲಿಸಿಕೊಟ್ಟ ರೂಢಿ. ಸದಸ್ಯರೊಬ್ಬರು ‘ಕೇಳೋಕೆ ಅವ್ನ್ಯಾರ್ರೀ’ ಎಂದು ಮೇಜು ಗುದ್ದಿದರೆ, ಕಲಾಪದ ಪುಸ್ತಕದಲ್ಲಿ ‘ಈ ಕುರಿತು ಪ್ರಶ್ನಿಸಲು ಅವರಿಗೆ ಅಧಿಕಾರವಿಲ್ಲ’ ಎಂದಾಗಿರುತ್ತದೆ. ಅರ್ಥ ಬದಲಾಗಬಾರದು, ಮಾತು ಮಾತ್ರ ಸುಕ್ಕಿಲ್ಲದೆ ಕಾಣಬೇಕು. ಈ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿತ್ತು. ನನ್ನ ಕೈ ದಾಟಿ ಹೋದ ಮೇಲೆ ಎಂಥ ಬೈಗುಳವೂ ಸ್ನಾನ ಮಾಡಿ ಬಂದಂತಿರುತ್ತದೆ ಎಂದು ನಮ್ಮ ಹಿರಿಯ ವರದಿಗಾರರೊಬ್ಬರು ಹೇಳುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಇಲ್ಲಿ ಬರೆಯಹೊರಟಿದ್ದು ನಡೆದು ಎಂಟು ವರ್ಷವಾಯಿತು. ಆಗ ಮಗಳಿಗೆ ಹನ್ನೊಂದು, ಈಗ ಹತ್ತೊಂಬತ್ತು. ಬರಿ ಎಂದವಳು ಅವಳೇ. ಎರಡು ಷರತ್ತು ಹಾಕಿದ್ದಾಳೆ: ಯಾರ ಹೆಸರೂ ಇರಬಾರದು, ಅವಳ ಬಾಯಲ್ಲಿ ನಾನು ನನ್ನ ಮಾತು ತುರುಕಬಾರದು. ಹಾಗಾಗಿ ನಮ್ಮ ಬಡಾವಣೆ ಮತ್ತಿಕೆರೆ ಕಡೆಯದು ಅಂತ ಮಾತ್ರ ಹೇಳುತ್ತೇನೆ. ಎರಡನೆಯ ಷರತ್ತಿಗಾಗಿ ಈ ಬರಹವನ್ನು ಅವಳು ನಾಲ್ಕು ಸಲ ತಿದ್ದಿದ್ದಾಳೆ.

ನಾನು ಚಿಂತೆಯ ಮನುಷ್ಯ. ಮನೆಯಿಂದ ಹೊರಟು ಬೀದಿಯ ತಿರುವು ದಾಟಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬಂದು ನೋಡದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಮಗಳ ವಿಷಯದಲ್ಲಂತೂ ನನ್ನ ಚಿಂತೆಗಳಿಗೆ ವೇಳಾಪಟ್ಟಿಯೇ ಇತ್ತು. ಬೆಳಿಗ್ಗೆ ಸ್ಕೂಲ್ ವ್ಯಾನಿನ ಬ್ರೇಕು. ಮಧ್ಯಾಹ್ನ ಮೂಲೆಯ ಟ್ರಾನ್ಸ್‌ಫಾರ್ಮರಿನ ಬಾಗಿಲಿಲ್ಲದ ಪೆಟ್ಟಿಗೆ. ಸಂಜೆ ಬೀದಿ ನಾಯಿಗಳು, ಕಾಲೇಜಿನ ಹುಡುಗರ ಬೈಕುಗಳು, ಪಾನಿಪುರಿಯ ನೀರು. ವಾರಪೂರ್ತಿ ಹೀಗೆ ಚಿಂತಿಸಿ ದಣಿದವನು ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ ನೆಮ್ಮದಿಯಿಂದ ಪೇಪರು ಓದುತ್ತಿದ್ದೆ. ಆ ಹೊತ್ತಿನಲ್ಲಿ ಅವಳು ನಮ್ಮ ಬಡಾವಣೆಯ ಸಂಘದ ಹಾಲಿನಲ್ಲಿ ಚೆಸ್ ಕ್ಲಾಸಿನಲ್ಲಿರುತ್ತಿದ್ದಳು.

ಚೆಸ್ ಕಲಿಸುತ್ತಿದ್ದವರು ನಿವೃತ್ತರು, ಒಳ್ಳೆಯ ಹುದ್ದೆಯಲ್ಲಿದ್ದವರು. ಯಾರಿಂದಲೂ ಫೀಸು ತೆಗೆದುಕೊಳ್ಳುತ್ತಿರಲಿಲ್ಲ. ಬಿಳಿ ಜುಬ್ಬಾ, ಮೆಲು ಮಾತು, ಎಲ್ಲ ಮಕ್ಕಳ ಹುಟ್ಟಿದ ದಿನವೂ ನೆನಪು. ಅದರ ಹಿಂದಿನ ವರ್ಷ ರಾಜ್ಯೋತ್ಸವಕ್ಕೆ ಸಂಘದವರು ಅವರಿಗೆ ಸನ್ಮಾನ ಮಾಡಿದಾಗ ಅಭಿನಂದನಾ ಪತ್ರ ಬರೆದುಕೊಟ್ಟವನು ನಾನೇ. ‘ಚಿಣ್ಣರ ಪಾಲಿನ ಕಲ್ಪವೃಕ್ಷ’ ಎಂದು ಬರೆದಿದ್ದೆ. ಅದಕ್ಕೆ ಕಟ್ಟು ಹಾಕಿಸಿ ಹಾಲಿನ ಗೋಡೆಗೆ ನೇತುಹಾಕಿದ್ದರು. ಮಗಳನ್ನು ಬಿಡಲು ಹೋದಾಗಲೆಲ್ಲ ಅದನ್ನೊಮ್ಮೆ ನೋಡಿ, ‘ವೃಕ್ಷ’ ಎಂದು ಬಿಟ್ಟಿದ್ದರೆ ಸಪ್ಪೆಯಾಗುತ್ತಿತ್ತು, ‘ಕಲ್ಪ’ ಸೇರಿಸಿದ್ದು ಒಳ್ಳೆಯದಾಯಿತು ಎಂದುಕೊಳ್ಳುತ್ತಿದ್ದೆ.

ಆ ವರ್ಷದ ಅಧಿವೇಶನದಲ್ಲಿ ಒಂದು ಗುರುವಾರ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾನೂನಿನ ಬಗ್ಗೆ ಚರ್ಚೆ ನಡೆಯಿತು. ಕಾಯ್ದೆ ಕೇಂದ್ರದ್ದಾದರೂ ರಾಜ್ಯ ಏನು ಮಾಡಬಹುದು, ಯಾವ ತಿದ್ದುಪಡಿಗೆ ಶಿಫಾರಸು ಮಾಡಬೇಕು ಎಂಬುದು ವಿಷಯ. ಅವತ್ತು ನನಗೆ ಐದು ಸರದಿ ಬಂದವು. ಒಬ್ಬರು ಗಲ್ಲಿಗೇರಿಸಿ ಎಂದರು. ಇನ್ನೊಬ್ಬರು ವಿಶೇಷ ಕೋರ್ಟುಗಳು ಎಲ್ಲಿ ಎಂದು ಕೇಳಿದರು. ಮತ್ತೊಬ್ಬರು, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ ಎಂದು ಕಾಯ್ದೆಯಲ್ಲೇ ಇರುವಾಗ ಎಷ್ಟು ಜನಕ್ಕೆ ಅದು ಗೊತ್ತು ಎಂದು ಕೇಳಿದರು. ಅಷ್ಟರಲ್ಲಿ ಯಾರ ಸರ್ಕಾರವಿದ್ದಾಗ ಯಾರು ಸುಮ್ಮನಿದ್ದರು ಎಂಬ ಜಗಳ ಶುರುವಾಯಿತು. ನಾನು ಆವರಣದಲ್ಲಿ ‘ಗದ್ದಲ’ ಎಂದು ಬರೆದು ಬೆರಳಿನ ನೆಟಿಕೆ ಮುರಿದುಕೊಂಡೆ. ಗದ್ದಲವೇ ನಮಗೆ ಸಿಗುವ ವಿರಾಮ.

ಕೊನೆಯ ಸರದಿಯಲ್ಲಿ ಹಿಂದಿನ ಸಾಲಿನ ಒಬ್ಬ ಮಹಿಳಾ ಸದಸ್ಯೆ ಎದ್ದರು. ಮೊದಲ ಸಲ ಗೆದ್ದು ಬಂದವರು, ಅದುವರೆಗೆ ಬಾಯಿ ತೆರೆದವರಲ್ಲ. ಎದುರಿಗೆ ಚೀಟಿ ಇರಲಿಲ್ಲ. ಅವರು ಹೇಳಿದ್ದು ಇಷ್ಟೇ:

“ಮಗು ಅವ್ವನತ್ರ ಬಂದು ಒಂದ್ ಮಾತ್ ಏಳ್ತದೆ. ಅವ್ವ ಪೊಲೀಸ್ನೋರ್ಗೆ ಬ್ಯಾರೆ ಏಳ್ತಾಳೆ. ಪೊಲೀಸ್ನೋರು ಇನ್ನೊಂದ್ ಬರ್ಕತಾರೆ. ಕೋರ್ಟ್‌ಗ್ ಓಗೋವಷ್ಟ್ರಲ್ಲಿ ಆ ಮಗೀನ ಮಾತು ಎಲ್ಲೋಯ್ತು ಸ್ವಾಮಿ? ಕಾನೂನ್ ಏನಾದ್ರೂ ಮಾಡ್ಕಳಿ. ಮಗು ಏಳಿದ್ದ ಮಗು ಏಳ್ದಂಗೇ ಬರ್ಕಳಿ.”

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ಸದಸ್ಯೆ ಕೂತುಬಿಟ್ಟರು. ನಾನು ಒಳಗೆ ಹೋಗಿ, ಚಹಾ ಕುಡಿಯುತ್ತಾ, ಆ ಮಾತನ್ನು ಹೀಗೆ ಟೈಪ್ ಮಾಡಿದೆ: ‘ಸಂತ್ರಸ್ತ ಮಕ್ಕಳ ಹೇಳಿಕೆಗಳನ್ನು ಯಥಾವತ್ತಾಗಿ ದಾಖಲಿಸಿಕೊಳ್ಳುವ ಅವಶ್ಯಕತೆ ಇದ್ದು, ಈ ನಿಟ್ಟಿನಲ್ಲಿ ಸರ್ಕಾರವು ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಒತ್ತಾಯಿಸುತ್ತೇನೆ.’

ಯಥಾವತ್ತಾಗಿ. ಆ ಪದ ಹೊಡೆಯುವಾಗ ನನ್ನ ಬೆರಳು ಒಂದಿಷ್ಟೂ ತಡವರಿಸಲಿಲ್ಲ. ಅವತ್ತು ಸಂಜೆ ಮೆಟ್ರೋದಲ್ಲಿ ಯಶವಂತಪುರಕ್ಕೆ ಬರುತ್ತಾ, ಒಂದು ಒಳ್ಳೆಯ ವಾಕ್ಯ ಮಾಡಿದೆ ಎಂದು ಸಮಾಧಾನವೂ ಇತ್ತು.

ಶನಿವಾರ ಮಗಳು ಚೆಸ್ ಕ್ಲಾಸಿಗೆ ಹೋಗುವುದಿಲ್ಲ ಅಂದಳು. ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಶನಿವಾರ ಎರಡರವರೆಗೆ ಡ್ಯೂಟಿ. ಮನೆಯಲ್ಲಿ ನಾವಿಬ್ಬರೇ. ಹೋಗದಿರುವುದಕ್ಕೆ ಕಾರಣ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಮೂರು ತಿಂಗಳಿಂದ ಅವಳು ಸೋಲುತ್ತಿದ್ದಳು. ಮೊದಲು ದೊಡ್ಡ ಮಕ್ಕಳನ್ನೂ ಸೋಲಿಸುತ್ತಿದ್ದವಳು ಈಗ ನಿನ್ನೆ ಮೊನ್ನೆ ಸೇರಿದವರ ಎದುರೂ ಸೋತು ಬರುತ್ತಿದ್ದಳು. ಏಕಾಗ್ರತೆ ಕಡಿಮೆಯಾಗಿದೆ ಎಂದು ನಾನು ತೀರ್ಮಾನಿಸಿದ್ದೆ. ರಾತ್ರಿ ನೆನೆಸಿಟ್ಟ ಐದು ಬಾದಾಮಿಯನ್ನು ಸಿಪ್ಪೆ ಸುಲಿದು ದಿನವೂ ತಿನ್ನಿಸುತ್ತಿದ್ದೆ. ಟೀವಿ ಕೇಬಲ್ ತೆಗೆಸಿದ್ದೆ. ಒಂದೆರಡು ಭಾಷಣವನ್ನೂ ಕೊಟ್ಟಿದ್ದೆ. ಅವತ್ತೂ ಶುರು ಮಾಡಿದೆ: ಸೋಲು ಗೆಲುವು ಮುಖ್ಯವಲ್ಲ, ಪ್ರಯತ್ನ ಮುಖ್ಯ, ಇತ್ಯಾದಿ.

“ನಾನು ಬೇಕಂತಾನೇ ಸೋಲ್ತಾ ಇದೀನಿ ಅಪ್ಪ,” ಅಂದಳು.

ಯಾಕೆ ಎಂದೆ.

“ಗೆದ್ದೋರನ್ನ ಚೆಸ್ ಸರ್ ಹಿಂದಿನ ರೂಮಿಗೆ ಕರೀತಾರೆ, ಬೋರ್ಡ್ ಎತ್ತಿಡೋಕೆ. ಬಾಗ್ಲು ಹಾಕ್ತಾರೆ. ತೊಡೆ ಮೇಲೆ ಕೂರಿಸ್ಕೋತಾರೆ. ಬೇಡ ಅಂದ್ರೂ ಬಿಡಲ್ಲ. ಎಲ್ಲೆಲ್ಲೋ ಕೈ ಹಾಕ್ತಾರೆ. ಯಾರಿಗಾದ್ರೂ ಹೇಳಿದ್ರೆ ಯಾರೂ ನಂಬಲ್ಲ ಅಂತಾರೆ. ಅದಕ್ಕೆ ಗೆಲ್ಲೋದೇ ಬಿಟ್ಟೆ. ಈಗ ಇನ್ನೊಬ್ಳು ಗೆಲ್ತಾ ಇದಾಳೆ.”

ಅವಳು ಇದನ್ನು ಕಿಟಕಿಯ ಕಡೆ ನೋಡುತ್ತಾ, ಶಾಲೆಯಲ್ಲಿ ಏನು ಪಾಠವಾಯಿತೆಂದು ಹೇಳುವಷ್ಟು ಸರಳವಾಗಿ ಹೇಳಿದಳು. ಕೊನೆಯ ಮಾತು ಹೇಳುವಾಗ ಮಾತ್ರ ನನ್ನ ಕಡೆ ತಿರುಗಿದಳು. ನನ್ನ ಕೈಯಲ್ಲಿ ಬಾದಾಮಿಯ ಬಟ್ಟಲಿತ್ತು.

ಮಧ್ಯಾಹ್ನ ಹೆಂಡತಿ ಬಂದಾಗ ಮಗಳು ಅವಳಿಗೂ ಅದನ್ನೇ ಹೇಳಿದಳು. ಹೆಂಡತಿ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ, ಹಾಗೇ ಕೂತು ಕೇಳಿದಳು. ಸೂಜಿ ಚುಚ್ಚುವಾಗ ನೋಯಲ್ಲ ಎಂದು ಸುಳ್ಳು ಹೇಳದೆ, ನೋಯುತ್ತೆ, ಆದರೆ ಬೇಗ ಮುಗಿಯುತ್ತೆ ಎನ್ನುವವಳು ಅವಳು. ಮಗಳಿಗೆ ನೀನು ಹೇಳಿದ್ದು ಒಳ್ಳೆಯದಾಯಿತು ಎಂದಳು. ಆಮೇಲೆ ನನಗೆ, ಏಳಿ ಸ್ಟೇಷನ್ನಿಗೆ ಹೋಗೋಣ ಎಂದಳು.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಬರೆಯಲು ನನಗೇ ಇಷ್ಟವಿಲ್ಲ, ಆದರೆ ಮಗಳು ಈ ಭಾಗವನ್ನು ಬಿಡುವಂತಿಲ್ಲ ಎಂದಿದ್ದಾಳೆ. ಎರಡು ದಿನದ ಹಿಂದಷ್ಟೇ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎಂಬ ವಾಕ್ಯವನ್ನು ಇದೇ ಬೆರಳುಗಳಿಂದ ಟೈಪ್ ಮಾಡಿದವನು, ಹೆಂಡತಿಗೆ, ಮೊದಲು ಸಂಘಕ್ಕೆ ಬರವಣಿಗೆಯಲ್ಲಿ ಒಂದು ದೂರು ಕೊಡೋಣ ಎಂದೆ. ಸ್ಟೇಷನ್ನಿನ ಬೆಂಚು, ಬೀದಿಯ ಜನ, ಶಾಲೆಯಲ್ಲಿ ಗುಸುಗುಸು, ಮುಂದೆ ಅವಳ ಮದುವೆ, ಹೀಗೆ ನನ್ನ ಚಿಂತೆಗಳು ಸಾಲಾಗಿ ಎದ್ದು ನಿಂತಿದ್ದವು. ಹನ್ನೊಂದು ವರ್ಷದ ಮಗುವಿನ ಮದುವೆ. ಇಷ್ಟು ದಿನ ಒಂದು ಚಿಂತೆಯೂ ಕಾಯದ ಜಾಗವನ್ನು ಈಗ ಎಲ್ಲ ಸೇರಿ ಕಾಯಲು ಬಂದಿದ್ದವು.

“ನೀವು ಬರೀರಿ,” ಅಂದಳು ಹೆಂಡತಿ. “ನಾನು ಸೋಮವಾರದವರೆಗೆ ನೋಡ್ತೀನಿ.”

ಭಾನುವಾರ ಬೆಳಿಗ್ಗೆ ಕೂತು ಬರೆದೆ. ಮೂರು ಕರಡು ಹರಿದು ಹಾಕಿದೆ. ನಾಲ್ಕನೆಯದು ತೃಪ್ತಿಯಾಯಿತು: ‘ತಮ್ಮ ಸಂಘದ ಆಶ್ರಯದಲ್ಲಿ ನಡೆಯುತ್ತಿರುವ ಚದುರಂಗ ತರಬೇತಿಯ ಸಂದರ್ಭದಲ್ಲಿ ತರಬೇತುದಾರರ ಕೆಲವು ವರ್ತನೆಗಳು ಸಮಂಜಸವಾಗಿ ಕಂಡುಬಾರದೆ, ನನ್ನ ಪುತ್ರಿಯು ಭಯಭೀತಳಾಗಿರುವುದು ನನ್ನ ಗಮನಕ್ಕೆ ಬಂದಿದ್ದು, ಈ ಬಗ್ಗೆ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇನೆ.’ ಒಂದು ಕಾಗುಣಿತದ ತಪ್ಪಿಲ್ಲ.

ಸಂಘದ ಅಧ್ಯಕ್ಷರು ನಮ್ಮ ಬಡಾವಣೆ ಹಳ್ಳಿಯಾಗಿದ್ದಾಗಿನ ಮನೆತನದವರು. ನಮ್ಮ ಮನೆಯಿರುವ ಸೈಟಿನಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಈಗ ಅವರದು ಎರಡು ಬಿಲ್ಡಿಂಗು, ಮೆಟ್ಟಿಲ ಕೆಳಗೆ ಒಂದು ಆಫೀಸು. ಸಂಘದ ಹಾಲ್ ಪಕ್ಕದಲ್ಲೇ. ಸಂಜೆ ಹೋದಾಗ ಅವರು ಅಲ್ಲೇ ಕುರ್ಚಿ ಜೋಡಿಸುತ್ತಿದ್ದರು. ಕನ್ನಡಕ ಹಾಕಿಕೊಂಡು ನನ್ನ ಕಾಗದವನ್ನು ಎರಡು ಸಲ ಓದಿದರು.

“ಸಾರ್, ಚರಂಡಿ ಕಟ್ಕೊಂಡಿದೆ ಅಂತ ಕೊಡೋ ಅರ್ಜಿ ಇದ್ದಂಗೈತೆ. ಅವ್ರು ಏನ್ ಮಾಡಿದ್ರು ಅಂತ ಇದ್ರಲ್ಲಿ ಎಲ್ಲೂ ಇಲ್ವಲ್ಲ?”

ಬಾಯಿಬಿಟ್ಟು ಹೇಳಲು ನೋಡಿದೆ. ಅದೇನೆಂದರೆ, ಅಂದೆ. ಒಂಥರಾ, ಅಂದೆ. ಮಗಳು ಕಿಟಕಿಯ ಕಡೆ ನೋಡುತ್ತಾ ಹೇಳಿದ ಮಾತು ನನ್ನ ಗಂಟಲಿನಿಂದ ಹೊರಡಲಿಲ್ಲ. ‘ಅನುಚಿತ’ ಎಂಬ ಪದ ಹೊರಟಿತು. ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಗಾಜಿನ ಹಿಂದೆ ಕಲ್ಪವೃಕ್ಷ ಹೊಳೆಯುತ್ತಿತ್ತು.

“ಅದೂ ನಿಮ್ದೇ ಬರವಣ್ಗೆ, ಇದೂ ನಿಮ್ದೇ. ನಾನ್ ಯಾವ್ದುನ್ನ ನಂಬ್ಲಿ?”

ಅವರ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ಆಮೇಲೆ ಅವರೇ ಒಂದು ದಾರಿ ಹೇಳಿದರು. ಬರುವ ಶನಿವಾರ ಕ್ಲಾಸು ಮುಗಿದ ಮೇಲೆ ಆ ಸರ್ ಅನ್ನೂ ಕೂರಿಸೋಣ, ಮಗೂನೂ ಕರ್ಕೊಂಡು ಬನ್ನಿ, ನಾಲ್ಕು ಜನರೆದುರು ಮಾತಾಡಿ ಮುಗಿಸೋಣ. ನಾನು ಕೈ ಮುಗಿದು, ಏನೋ ಸಾಧಿಸಿದವನಂತೆ ಮನೆಗೆ ಬಂದೆ.

ಮಗಳು ನಕಲು ಪ್ರತಿ ಓದುತ್ತಾ ಕೂತಿದ್ದಳು. ಭಯಭೀತ ಅಂದರೇನು ಎಂದು ಕೇಳಿದಳು. ತುಂಬಾ ಹೆದರಿಕೊಂಡಿರುವುದು ಎಂದೆ.

“ನಂಗೆ ಹೆದರಿಕೆ ಆಯ್ತು ಅಂತ ಯಾವಾಗ ಹೇಳ್ದೆ?”

ಹಾಗಲ್ಲ ಪುಟ್ಟಾ, ಇಂಥ ಕಾಗದಗಳನ್ನು ಹೀಗೇ ಬರೆಯುವುದು ಎಂದು ವಿವರಿಸಲು ಹೋದೆ. ಅವಳು ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟಳು.

“ಇದ್ರಲ್ಲಿ ನಾನು ಹೇಳಿದ್ದು ಏನೂ ಇಲ್ಲ ಅಪ್ಪ. ಹೇಳಿದ್ರೆ ಯಾರೂ ನಂಬಲ್ಲ ಅಂತ ಸರ್ ಹೇಳಿದ್ದು ಸರಿ ಹಾಗಾದ್ರೆ.”

ಎದ್ದು ಒಳಗೆ ಹೋದಳು. ಮುಂದಿನ ಶನಿವಾರದ ಸಭೆಯ ವಿಷಯವನ್ನು ಹೆಂಡತಿಗೆ ಹೇಳಿದೆ. ಮಗೂನ ಅವನ ಎದುರು ಕೂರಿಸ್ತೀರಾ ಎಂದು ಕೇಳಿದಳು. ಆ ಸಭೆಗೂ ಮೊದಲು ಎರಡು ಗಂಟೆ ಕ್ಲಾಸು ನಡೆಯುತ್ತದೆ, ಅಲ್ಲಿ ಯಾರೋ ಒಬ್ಬಳು ಗೆಲ್ಲುತ್ತಾಳೆ ಎಂಬುದು ನನಗೆ ಆಗ ಹೊಳೆಯಿತು. ಅಷ್ಟು ಹೊತ್ತು ಹೊಳೆದಿರಲಿಲ್ಲ ಎಂಬುದನ್ನೂ ಇಲ್ಲಿ ಬರೆಯಬೇಕು.

ಸೋಮವಾರ ವಿಧಾನಸೌಧದಲ್ಲಿ ನಮ್ಮ ಕೋಣೆಗೆ ಆ ಮಹಿಳಾ ಸದಸ್ಯೆ ಬಂದರು. ಅವರವರ ಭಾಷಣದ ಕರಡು ಪ್ರತಿ ಸದಸ್ಯರಿಗೆ ಹೋಗುತ್ತದೆ, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಹೆಚ್ಚಿನವರು ನೋಡುವುದಿಲ್ಲ. ನೋಡಿದವರೂ ಪಿ.ಎ. ಕೈಲಿ ಕಳಿಸುತ್ತಾರೆ. ಈ ಹೆಂಗಸು ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು, ಇದನ್ನು ಬರೆದವರು ಯಾರು ಎಂದು ಕೇಳುತ್ತಾ ತಾವೇ ಬಂದಿದ್ದರು. ಸಹೋದ್ಯೋಗಿಗಳೆಲ್ಲ ಒಟ್ಟಿಗೆ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ.

“ಸಾರ್, ನಾನ್ ಇಂಗಾ ಏಳಿದ್ದು?”

ಅರ್ಥ ಅದೇ ಬಂದಿದೆ ಮೇಡಂ, ಭಾಷೆ ಮಾತ್ರ ಸ್ವಲ್ಪ ಶಿಷ್ಟವಾಗಿದೆ, ಇದು ನಮ್ಮ ರೂಢಿ ಎಂದೆ. ಅವರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು.

“ಅರ್ಥ ನೀವೇ ಮಡಿಕ್ಕಳಿ ಸಾರ್. ನನ್ ಮಾತ್ ನಂಗೆ ಕೊಡಿ.”

ಆ ಮಾತು ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಆಗಲೇ ಒಮ್ಮೆ ಆಡಿಯಾಗಿತ್ತು, ಬೇರೆ ಪದಗಳಲ್ಲಿ. ಡ್ರಾಯರಿನಿಂದ ಗುರುವಾರದ ನೋಟ್ ಪುಸ್ತಕ ತೆಗೆದೆ. ನಮ್ಮ ಲಿಪಿಯಲ್ಲಿ ಬರೆಯುವುದು ಕಿವಿಗೆ ಬಿದ್ದ ಶಬ್ದವನ್ನು. ಹಾಗಾಗಿ ಅವರ ಮಾತು ಅವರು ಆಡಿದಂತೆಯೇ ಅಲ್ಲಿತ್ತು, ಒಂದು ಗೆರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬರೆದುಕೊಂಡವನೂ ನಾನೇ, ಆಮೇಲೆ ಅಳಿಸಿದವನೂ ನಾನೇ. ಗಟ್ಟಿಯಾಗಿ ಓದಿದೆ. ‘ಮಗು ಏಳಿದ್ದ ಮಗು ಏಳ್ದಂಗೇ ಬರ್ಕಳಿ.’ ಅವರು ತಲೆಯಾಡಿಸಿ, ಹೂಂ, ಅದು ನಾನಾಡಿದ್ದು ಎಂದು ಹೊರಟುಹೋದರು. ಆ ದಿನದ ಕಲಾಪದ ಸಂಪುಟದಲ್ಲಿ ಸೂಕ್ತ ಕ್ರಮಗಳ ನಡುವೆ ಆ ಒಂದು ಮಾತು ಮಾತ್ರ ಹುಟ್ಟಿದ ಹಾಗೇ ಇದೆ. ಅದುವರೆಗಿನ ನನ್ನ ಕೆಲಸದಲ್ಲಿ ನಾನು ಏನನ್ನೂ ಮಾಡದೆ ಬಿಟ್ಟ ವಾಕ್ಯ ಅದೊಂದೇ.

ಕಾರಿಡಾರಿಗೆ ಬಂದು ಹೆಂಡತಿಗೆ ಫೋನ್ ಮಾಡಿದೆ. ಪೊಲೀಸರಿಗೆ ತಿಳಿಸೋಣ, ತೀರ್ಮಾನ ಮಾಡಿದ್ದೇನೆ ಎಂದೆ. ಧ್ವನಿಯನ್ನು ಸಾಕಷ್ಟು ಗಂಭೀರ ಮಾಡಿಕೊಂಡಿದ್ದೆ.

“ಬೆಳಿಗ್ಗೆನೇ ಮಾಡಿದೆ,” ಅಂದಳು. “ನಾಳೆ ಮನೆಗೇ ಬರ್ತಾರೆ. ಲೇಡಿ ಆಫೀಸರ್.”

ಸೋಮವಾರದವರೆಗೆ ಅಂದರೆ ಸೋಮವಾರ ಮುಗಿಯುವವರೆಗೆ ಎಂದು ನಾನು ತಿಳಿದಿದ್ದೆ. ಅವಳ ಲೆಕ್ಕದಲ್ಲಿ ಸೋಮವಾರ ಬಂದ ಕೂಡಲೇ ನನ್ನ ಗಡುವು ಮುಗಿದಿತ್ತು.

ಹಾಗಾದರೆ ನನಗೆ ಉಳಿದ ಕೆಲಸ ಒಂದೇ. ಅವತ್ತು ಸಂಜೆ ಯಶವಂತಪುರದಲ್ಲಿ ಇಳಿದವನು ಮನೆಗೆ ಹೋಗದೆ ನೇರವಾಗಿ ಅಧ್ಯಕ್ಷರ ಆಫೀಸಿಗೆ ಹೋದೆ. ಕೈಯಲ್ಲಿ ಕಾಗದವಿರಲಿಲ್ಲ. ಕಾಗದವಿಲ್ಲದೆ ಮಾತಾಡಿ ನನಗೆ ಅಭ್ಯಾಸವೇ ಇಲ್ಲ. ಸದನದಲ್ಲಿ ಎಲ್ಲರೂ ಮಾತಾಡುವಾಗ ಸುಮ್ಮನಿರುವುದೇ ನನ್ನ ವೃತ್ತಿ. ಅಧ್ಯಕ್ಷರು ಕುರ್ಚಿ ತೋರಿಸಿದರು, ಕೂರಲಿಲ್ಲ. ಮಗಳು ಹೇಳಿದ್ದನ್ನು ಅವಳು ಹೇಳಿದ ಹಾಗೇ, ಅದೇ ಕ್ರಮದಲ್ಲಿ ಹೇಳಿದೆ. ಬೋರ್ಡು ಎತ್ತಿಡಲು ಕರೆಯುವುದು, ಬಾಗಿಲು ಹಾಕುವುದು, ಬೇಡ ಅಂದರೂ ಬಿಡದಿರುವುದು, ಆಮೇಲಿನದು. ಅವಳು ಗೆಲ್ಲುವುದನ್ನು ಬಿಟ್ಟಿದ್ದು. ಈಗ ಇನ್ನೊಬ್ಬಳು ಗೆಲ್ಲುತ್ತಿರುವುದು.

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮೊಮ್ಮಗಳೂ ಆ ಕ್ಲಾಸಿನಲ್ಲಿದ್ದಾಳೆಂದು ನನಗೆ ಗೊತ್ತಿತ್ತು. ಆ ಹೊತ್ತಿಗೆ ಮರೆತಿದ್ದೆ.

“ನಿನ್ನೆನೇ ಇಂಗ್ ಏಳ್ಬಾರ್ದಿತ್ತಾ ಸಾರ್,” ಅಂದರು.

ಎದ್ದು ಹಾಲಿಗೆ ಹೋದರು, ನಾನು ಹಿಂದೆ ಹೋದೆ. ಹಿಂದಿನ ರೂಮಿಗೆ ತಮ್ಮದೇ ಬೀಗ ಹಾಕಿದರು. ಹೊರಬಾಗಿಲಿಗೂ ಹಾಕಿದರು. ಶನಿವಾರದ ಕ್ಲಾಸು ಇಲ್ಲ ಎಂದು ಮಕ್ಕಳ ಮನೆಗಳಿಗೆ ತಾವೇ ಹೇಳುವುದಾಗಿಯೂ, ಪೊಲೀಸರು ಕೇಳಿದರೆ ಬೀಗದ ಕೈ ತಮ್ಮ ಹತ್ತಿರವೇ ಇರುತ್ತದೆಂದೂ ಹೇಳಿದರು. ಬೀಗ ಹಾಕುವ ಮೊದಲು ಗೋಡೆಯಿಂದ ಅಭಿನಂದನಾ ಪತ್ರವನ್ನು ಇಳಿಸಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಬಗಲಲ್ಲಿಟ್ಟುಕೊಂಡು ಬೀದಿಯುದ್ದಕ್ಕೂ ನಡೆದು ಬಂದೆ. ದಾರಿಯಲ್ಲಿ ಸಿಕ್ಕವರೊಬ್ಬರು, ಏನ್ ಸಾರ್, ನಿಮಗೂ ಸನ್ಮಾನಾನಾ ಎಂದು ಕೇಳಿದರು.

ಮಂಗಳವಾರ ರಜೆ ಹಾಕಿದೆ. ಹತ್ತು ಗಂಟೆಗೆ ಚೂಡಿದಾರದಲ್ಲಿ ಒಬ್ಬ ಹೆಂಗಸು ಬಂದು ಬೆಲ್ ಮಾಡಿದರು. ಮಗುವಿನ ಹೇಳಿಕೆ ತೆಗೆದುಕೊಳ್ಳಲು ಯೂನಿಫಾರ್ಮ್ ಇಲ್ಲದೆ ಬರಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದನ್ನು ಗುರುವಾರ ನಾನೇ ಟೈಪ್ ಮಾಡಿದ್ದೆ. ಆದರೂ ಬಾಗಿಲಲ್ಲಿ ನಿಲ್ಲಿಸಿ ಗುರುತಿನ ಚೀಟಿ ಕೇಳಿದೆ, ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಅವರು ತಾಳ್ಮೆಯಿಂದ ನಿಂತಿದ್ದರು.

ಒಳಗೆ ಮಗಳ ಪಕ್ಕ ಚಾಪೆಯ ಮೇಲೆ ಕೂತರು. ಇನ್ನೊಂದು ಪಕ್ಕದಲ್ಲಿ ಹೆಂಡತಿ. ಮಗಳು ಹೇಳಲು ಶುರು ಮಾಡಿದಳು. ಎರಡನೆಯ ವಾಕ್ಯಕ್ಕೆ ನಾನು ಬಾಯಿ ಹಾಕಿದೆ: ಅಂದರೆ ಅವಳು ಹೇಳುತ್ತಿರುವುದು ಏನೆಂದರೆ. ಆಫೀಸರು ನನ್ನನ್ನು ನೋಡಿ ನಕ್ಕರು. ಮೂರು ವಾಕ್ಯದ ನಂತರ ಮತ್ತೆ ಬಾಯಿ ಹಾಕಿದೆ.

“ಸರ್, ಒಂದ್ ಕಾಫಿ ಮಾಡ್ತೀರಾ?” ಅಂದರು.

ಆಜ್ಞೆ ಅರ್ಥವಾಗಿ ಅಡುಗೆಮನೆಗೆ ಹೋದೆ. ಅಲ್ಲಿಂದ ಮಗಳ ಧ್ವನಿ ಕೇಳುತ್ತಿತ್ತು, ಎಲ್ಲ ಮಾತೂ ಅಲ್ಲ. ಹಾಲು ಉಕ್ಕಿಸಿದೆ, ಒಲೆ ಒರೆಸಿದೆ, ಮತ್ತೆ ಕಾಯಿಸಿದೆ. ಕೊನೆಗೆ ತಟ್ಟೆಯಲ್ಲಿ ಮೂರು ಲೋಟ ತೆಗೆದುಕೊಂಡು ಬಂದಾಗ ಆಫೀಸರು ಬರೆದುಕೊಂಡದ್ದನ್ನು ಅವಳಿಗೆ ಓದಿ ಹೇಳುತ್ತಿದ್ದರು. ಒಂದು ಕಡೆ ಮಗಳು ತಡೆದಳು.

“ಹೆದರಿಕೆ ಆಯ್ತು ಅಂತ ಬರ್ದಿದೀರಾ ಆಂಟಿ. ನಂಗೆ ಹೆದರಿಕೆ ಆಗ್ಲಿಲ್ಲ. ಸಿಟ್ಟು ಬಂತು.”

ಆಫೀಸರು ಆ ಪದವನ್ನು ಹೊಡೆದುಹಾಕಿ, ಮೇಲೆ ಸಿಟ್ಟು ಎಂದು ಬರೆದು, ಸರಿನಾ ಎಂದು ತೋರಿಸಿದರು. ಅವಳು ಓದಿ ನೋಡಿ, ಹೂಂ, ಸರಿ ಅಂದಳು. ಆಮೇಲೆ ಆಫೀಸರು ನನ್ನ ಕಾಫಿಯನ್ನು ಪೂರ್ತಿ ಕುಡಿದರು. ಅವರು ಹೋದ ಮೇಲೆ ಉಳಿದ ಲೋಟ ನಾನು ಬಾಯಿಗಿಟ್ಟಾಗ ಗೊತ್ತಾಯಿತು, ಅದಕ್ಕೆ ಡಿಕಾಕ್ಷನ್ನೇ ಹಾಕಿರಲಿಲ್ಲ. ಬರೀ ಸಕ್ಕರೆ ಹಾಲು.

ಆ ವಾರವೇ ಆ ಮನುಷ್ಯನನ್ನು ಪೊಲೀಸರು ಕರೆದೊಯ್ದರು. ಬೇರೆ ಇಬ್ಬರು ಮಕ್ಕಳ ಮನೆಯವರೂ ಬಂದು ಹೇಳಿಕೆ ಕೊಟ್ಟರು. ಒಂದು ಮನೆ ಅಧ್ಯಕ್ಷರದು. ಒಂದು ವರ್ಷದಲ್ಲಿ ಮುಗಿಯಬೇಕಾದ ಕೇಸು ಮಗಳು ಹತ್ತನೆಯ ಕ್ಲಾಸಿಗೆ ಬರುವವರೆಗೆ ನಡೆಯಿತು. ಆ ಗಡುವಿನ ಮೇಲೂ ಸದನದಲ್ಲಿ ಭಾಷಣಗಳಾಗಿವೆ, ನನ್ನ ಹತ್ತು ನಿಮಿಷಗಳಲ್ಲಿ ಕೆಲವು ಬಂದಿವೆ, ಅವುಗಳಲ್ಲಿ ಈಗ ನಾನು ಕೈಯಾಡಿಸುವುದಿಲ್ಲ. ಕೋರ್ಟಿನಲ್ಲಿ ಅವಳ ಹೇಳಿಕೆ ಅವಳ ಮಾತಿನಲ್ಲೇ ನಿಂತಿತು. ಎದುರಿನ ವಕೀಲರು, ಅಷ್ಟೊಂದು ಹೆದರಿದ್ದ ಮಗು ಮೂರು ತಿಂಗಳು ಕ್ಲಾಸಿಗೆ ಹೇಗೆ ಹೋಯಿತು ಎಂದು ಕೇಳಿದಾಗ, ಹೆದರಿದ್ದೆ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಅವನಿಗೆ ಶಿಕ್ಷೆಯಾಯಿತು. ನನ್ನ ನಾಲ್ಕನೆಯ ಕರಡು ಕೋರ್ಟಿಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬ ಚಿಂತೆಗೆ ಈಗಲೂ ನನ್ನ ವೇಳಾಪಟ್ಟಿಯಲ್ಲಿ ಜಾಗವಿದೆ.

ಆದರೆ ನನಗೆ ಮುಗಿಯಿತು ಎನ್ನಿಸಿದ್ದು ತೀರ್ಪಿನ ದಿನವಲ್ಲ. ಆಫೀಸರು ಬಂದು ಹೋದ ಮೇಲಿನ ಮೊದಲ ಶನಿವಾರ. ಹತ್ತು ಗಂಟೆಗೆ ನಾನು ಪೇಪರು ಹಿಡಿದು ಕೂತಿದ್ದೆ, ಓದುತ್ತಿರಲಿಲ್ಲ. ಮಗಳು ಕಪಾಟಿನಿಂದ ಚೆಸ್ ಬೋರ್ಡು ತಂದು ನನ್ನೆದುರು ಇಟ್ಟು ಕಾಯಿ ಜೋಡಿಸತೊಡಗಿದಳು. ನನಗೆ ಚೆಸ್ ಬರುತ್ತದೆ ಎಂದು ಹೇಳಲಾರೆ. ಕುದುರೆ ಹೇಗೆ ನಡೆಯುತ್ತದೆಂದು ಪ್ರತಿ ಸಲ ಕೇಳಬೇಕು. ಕೇಳಿದೆ, ಹೇಳಿಕೊಟ್ಟಳು. ಇಪ್ಪತ್ತು ನಿಮಿಷದಲ್ಲಿ ನನ್ನ ರಾಜ ಒಂದು ಮೂಲೆಯಲ್ಲಿದ್ದ, ಸುತ್ತ ಅವಳ ಕಾಯಿಗಳು. ಹೇಗಾಯಿತೆಂದು ನನಗೆ ಕಾಣಲಿಲ್ಲ.

ಅವಳು ಖುಷಿಪಡಲಿಲ್ಲ. ತಲೆಯೆತ್ತಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

“ಅಪ್ಪ, ನಿಜ ಹೇಳು. ಬೇಕಂತ ಸೋತ್ಯಾ?”

“ಇಲ್ಲ ಪುಟ್ಟಾ. ನಂಗೆ ನಿಜವಾಗ್ಲೂ ಗೊತ್ತಾಗ್ಲಿಲ್ಲ.”

ನಂಬಬಹುದೇ ಎಂದು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಬೋರ್ಡಿನ ಮೇಲೆ ನನ್ನ ಕುದುರೆಗಳು ನಿಂತಿದ್ದ ಜಾಗ ನೋಡಿದರೆ ಯಾರಿಗೂ ಅನುಮಾನ ಉಳಿಯುವಂತಿರಲಿಲ್ಲ.

“ಹಾಗಾದ್ರೆ ನಾನು ಗೆದ್ದೆ,” ಎಂದು, ಕಾಯಿಗಳನ್ನು ಅಲ್ಲೇ ಬಿಟ್ಟು ಎದ್ದಳು. “ಬೋರ್ಡ್ ನೀನೇ ಎತ್ತಿಡು.”